ಬೆಕ್ಕಿನ ಮೂಗು ಊದಿದೆಯೇ? ಸ್ಟೀರಾಯ್ಡ್ ಚುಚ್ಚಿಸುವ ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಬೆಕ್ಕು, ನಾಯಿ ಸಾಕಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ನಿಮ್ಮ ಪ್ರಾಣಿಯ ಮೂಗಿನ ಮೇಲೆ ಗಂಟು ಎದ್ದಿದ್ದರೆ, ವಾರಗಟ್ಟಲೆ ಸಿಂಬಳ ಸುರಿಯುತ್ತಿದ್ದರೆ, ಆ್ಯಂಟಿಬಯಾಟಿಕ್ ಕೊಟ್ಟರೂ ಹುಣ್ಣು ಮಾಯದೆ ಉಳಿದಿದ್ದರೆ, ಆ ಗಂಟಿಗೆ ಸೂಜಿ ಹಾಕಿ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಒಪ್ಪಬೇಡಿ. ಅದು ಫಂಗಸ್ ಸೋಂಕಾಗಿರಬಹುದು. ನಮ್ಮಲ್ಲಿ ಆ ಸಣ್ಣ ಪರೀಕ್ಷೆ ಸಕಾಲಕ್ಕೆ ಆಗಲಿಲ್ಲ. ನಮ್ಮ ಸೋಮನ ಎರಡೂ ಕಣ್ಣು ಹೋದವು.

ಸೋಮ ಕೇಸರಿ ಬಣ್ಣದ ಗಂಡು ಬೆಕ್ಕು. ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಹೆಂಚಿನ ಮನೆಯಲ್ಲೇ ಹುಟ್ಟಿದವನು. ಚಳಿಗಾಲದ ಕೊನೆಗೆ ಸೀನತೊಡಗಿದ. ಬಲ ಹೊಳ್ಳೆಯೊಂದರಿಂದಲೇ ಸಿಂಬಳ ಬರುತ್ತಿತ್ತು. ನಾವು ತೋರಿಸಿದ ಕ್ಲಿನಿಕ್‌ನಲ್ಲಿ ನೆಗಡಿ ಎಂದು ಔಷಧ ಕೊಟ್ಟರು. ಸಿಂಬಳ ನಿಲ್ಲಲಿಲ್ಲ, ಮೂಗಿನ ಮೇಲ್ಭಾಗ ನಿಧಾನವಾಗಿ ಉಬ್ಬಿಕೊಂಡಿತು. ಮತ್ತೆ ಕರೆದುಕೊಂಡು ಹೋದೆವು. "ಅಲರ್ಜಿ ಅಷ್ಟೇ ಮೇಡಂ, ಒಂದು ಇಂಜೆಕ್ಷನ್ ಹಾಕಿದರೆ ಇಳಿಯುತ್ತದೆ" ಎಂದರು. ಗಂಟನ್ನು ಬೆರಳಿನಿಂದ ಒತ್ತಿ ಕೂಡ ನೋಡಲಿಲ್ಲ.

ಇಂಜೆಕ್ಷನ್ ಹಾಕಿದ ಮೇಲೆ ಊತ ನಿಜಕ್ಕೂ ಇಳಿಯಿತು. ಹಸಿವು ಬಂತು, ಉಸಿರಾಟ ಸರಾಗವಾಯಿತು. ಸ್ಟೀರಾಯ್ಡ್ ಊತವನ್ನು ಇಳಿಸುತ್ತದೆ. ಆದರೆ ಒಳಗೆ ಫಂಗಸ್ ಇದ್ದರೆ, ಅದನ್ನು ತಡೆಹಿಡಿದಿರುವ ದೇಹದ ರೋಗನಿರೋಧಕ ಶಕ್ತಿಯನ್ನೂ ಅದೇ ಕುಗ್ಗಿಸುತ್ತದೆ. ಮನೆಯವರು ಗುಣವಾಯಿತೆಂದು ನೆಮ್ಮದಿಯಾಗಿರುವ ಹೊತ್ತಿಗೇ ರೋಗ ಒಳಗೊಳಗೆ ಹರಡುತ್ತಿರುತ್ತದೆ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗಂಟು ಮತ್ತೆ ಎದ್ದು ಒಡೆದು ಹುಣ್ಣಾಯಿತು. ದವಡೆಯ ಕೆಳಗೂ ಗಡ್ಡೆ ಸಿಕ್ಕಿತು. ಒಂದು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಕುಳಿತಿದ್ದವನ ಕಣ್ಣಿನ ಪಾಪೆಗಳು ಅಮಾವಾಸ್ಯೆ ರಾತ್ರಿಯಲ್ಲಿ ಇರಬೇಕಾದಷ್ಟು ಅಗಲವಾಗಿದ್ದವು. ಎದ್ದು ನಡೆದವನು ತುಳಸಿ ಕಟ್ಟೆಗೆ ಮುಖ ಬಡಿದುಕೊಂಡ. ಹಿಂದೆ ಸರಿದು, ಮತ್ತೆ ಅಲ್ಲಿಗೇ ಬಡಿದುಕೊಂಡ.

ಆ ಸಂಜೆಯೇ ಹುಬ್ಬಳ್ಳಿಗೆ, ಬೇರೊಬ್ಬ ಪಶುವೈದ್ಯೆಯ ಹತ್ತಿರ ಓಡಿದೆವು. ಅವರು ಮೊದಲು ಮಾಡಿದ್ದೇ ಹುಣ್ಣಿನ ಅಂಚಿಗೆ ಸೂಜಿ ಹಾಕಿ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಹಚ್ಚಿದ್ದು. ಅದಕ್ಕೆ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಕಣಗಳು, ಒಂದೊಂದರ ಸುತ್ತಲೂ ಮಳೆಗಾಲಕ್ಕೆ ಮುಂಚೆ ಚಂದ್ರನ ಸುತ್ತ ಕಾಣುವ ಬಳೆಯಂತೆ ಬೆಳ್ಳನೆಯ ಪಟ್ಟಿ. ಅದು ಕ್ರಿಪ್ಟೋಕಾಕಸ್ ಎಂಬ ಫಂಗಸ್. ಆ ಬಿಳಿ ಪಟ್ಟಿ ಅದರ ದಪ್ಪ ಕವಚ, ದೇಹದ ರಕ್ಷಣಾ ಕೋಶಗಳು ತನ್ನನ್ನು ನುಂಗದಂತೆ ಅದು ತೊಟ್ಟಿರುವ ಅಂಗಿ. ರಕ್ತದಲ್ಲಿ ಈ ಕವಚದ ಅಂಶವನ್ನು ಹುಡುಕುವ ಆಂಟಿಜನ್ ಪರೀಕ್ಷೆಯೂ ಇದೆ. ಮನುಷ್ಯರಿಗೆ ಮಾಡುವ ಪರೀಕ್ಷೆಯೇ ಬೆಕ್ಕಿನ ರಕ್ತಕ್ಕೂ ನಡೆಯುತ್ತದೆ. ಆದ್ದರಿಂದ "ಇಲ್ಲಿ ಸೌಲಭ್ಯವಿಲ್ಲ" ಎಂಬ ಮಾತಿಗೆ ಸುಮ್ಮನಾಗಬೇಡಿ. ಪಶುವೈದ್ಯಕೀಯ ಕಾಲೇಜು ಗದಗದಲ್ಲೇ ಇದೆ, ಅಲ್ಲಿಯೂ ವಿಚಾರಿಸಬಹುದು.

ಫಂಗಸ್ ಎಂದರೆ ನಮಗೆ ಗೊತ್ತಿರುವುದು ಗಜಕರ್ಣ, ಹೆಚ್ಚೆಂದರೆ ಕಿವಿಯ ತುರಿಕೆ. ಇದು ಉಸಿರಿನ ಮೂಲಕ ಒಳಗೆ ಹೋಗಿ ಮೂಗು, ಚರ್ಮ, ಕಣ್ಣು, ಮಿದುಳಿನವರೆಗೂ ಮುಟ್ಟುವ ಜಾತಿ. ನಾಯಿಗಳಿಗಿಂತ ಬೆಕ್ಕುಗಳಲ್ಲಿ ಹೆಚ್ಚು. ಪಾರಿವಾಳದ ಹಿಕ್ಕೆಯಲ್ಲಿ ಇದು ಇರುತ್ತದೆ ಎಂದು 1955ರಲ್ಲೇ ಗುರುತಿಸಲಾಗಿದೆ. ಇದರ ಇನ್ನೊಂದು ಪ್ರಭೇದವನ್ನು 1990ರಲ್ಲಿ ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರದೊಂದಿಗೆ ಗುರುತಿಸಿದರು. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ 1999ರಿಂದ ಅದೇ ಪ್ರಭೇದ ಮನುಷ್ಯರ ಜೊತೆಗೆ ಬೆಕ್ಕು, ನಾಯಿಗಳನ್ನೂ ಕಾಡಿತು. ನಮ್ಮ ಹಳೆಯ ಮನೆಗಳ ಮಾಡಿನಲ್ಲಿ ಪಾರಿವಾಳ ಗೂಡು ಕಟ್ಟದ ಜಾಗವಿಲ್ಲ. ಅಲ್ಲಿ ಒಣಗಿದ ಹಿಕ್ಕೆಯನ್ನು ಕೆರೆದು ದೂಳೆಬ್ಬಿಸಬೇಡಿ. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಆ ಕೆಲಸ ಹಚ್ಚಲೇಬೇಡಿ.

ನಾಯಿ ಸಾಕಿದವರೂ ಇದನ್ನು ಬೆಕ್ಕಿನ ರೋಗವೆಂದು ಬದಿಗಿಡಬೇಡಿ. ಆಸ್ಪರ್ಜಿಲಸ್ ಎಂಬ ಫಂಗಸ್ ಉದ್ದ ಮೂತಿಯ ನಾಯಿಗಳ ಮೂಗಿನಲ್ಲಿ ಕುಳಿತು ರಕ್ತ ಸುರಿಸುತ್ತದೆ, ಹೊಳ್ಳೆಯ ಕಪ್ಪು ಬಣ್ಣ ಮಾಸುತ್ತದೆ. ಅದೇ ಕುಲದ ಫಂಗಸ್ ಮೈಯೆಲ್ಲ ಹರಡುವುದು ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು. ಆಗ ಬೆನ್ನುಮೂಳೆಗೆ ಹಿಡಿದು, ನಾಯಿ ಬೆನ್ನುನೋವಿನಿಂದ ಕುಂಟುತ್ತದೆ. ಅದನ್ನು ಪೆಟ್ಟು ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಆಗುವ ಅನಾಹುತವೂ ಇಂಥದ್ದೇ.

ಸುದ್ದಿ ಹರಡಿದ ಮೇಲೆ ಓಣಿಯ ಹಿರಿಯರೊಬ್ಬರು "ಮಕ್ಕಳಿರುವ ಮನೆ, ಆ ಬೆಕ್ಕನ್ನು ಊರ ಹೊರಗೆ ಬಿಟ್ಟು ಬನ್ನಿ" ಎಂದರು. ಕ್ರಿಪ್ಟೋಕಾಕಸ್ ಬೆಕ್ಕಿನಿಂದ ಮನುಷ್ಯರಿಗೆ ಹರಡುವ ರೋಗವಲ್ಲ. ಬೆಕ್ಕಿಗೂ ನಮಗೂ ಅದು ಬರುವುದು ಪರಿಸರದ ದೂಳಿನಿಂದ. ಹಾಗೆಂದು ಎಲ್ಲ ಹುಣ್ಣನ್ನೂ ಬರಿಗೈಯಲ್ಲಿ ಮುಟ್ಟಬಾರದು. ಸ್ಪೋರೋಟ್ರೈಕೋಸಿಸ್ ಎಂಬ ಇನ್ನೊಂದು ಫಂಗಸ್ ರೋಗ ಬೆಕ್ಕಿನ ಪರಚುವಿಕೆಯಿಂದ ಮನುಷ್ಯರಿಗೆ ಬರುತ್ತದೆ. ಯಾವ ರೋಗವೆಂದು ತಿಳಿಯುವವರೆಗೆ ಕೈಗವಸು ಹಾಕಿಕೊಳ್ಳಿ. ಬೀದಿಗೆ ಬಿಡುವುದು ಮಾತ್ರ ಪಾಪದ ಕೆಲಸ.

ಸೋಮನಿಗೆ ಫ್ಲುಕೋನಜೋಲ್ ನಡೆಯುತ್ತಿದೆ. ಕಣ್ಣು, ಮಿದುಳಿಗೆ ಚೆನ್ನಾಗಿ ತಲುಪುವ ಔಷಧವೆಂದು ವೈದ್ಯೆ ಅದನ್ನೇ ಆರಿಸಿದರು. ಮೂಗಿನ ಹುಣ್ಣು ಒಣಗಿದೆ. ಕಣ್ಣು ಮರಳಲಿಲ್ಲ. ಈ ಚಿಕಿತ್ಸೆ ತಿಂಗಳುಗಟ್ಟಲೆ ಸಾಗುತ್ತದೆ. ಮೇಲೆ ಗುಣವಾದಂತೆ ಕಂಡರೂ ಆಂಟಿಜನ್ ಪರೀಕ್ಷೆ ಸೊನ್ನೆಗೆ ಬರುವ ಮೊದಲು ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಔಷಧದಂಗಡಿಯಲ್ಲಿ ಫೋಟೋ ತೋರಿಸಿ ಫಂಗಸ್ ಮಾತ್ರೆ ತರುವುದೂ ಬೇಡ. ಇವುಗಳಲ್ಲಿ ಕೆಲವು ಯಕೃತ್ತಿಗೆ ಪೆಟ್ಟು ಕೊಡುತ್ತವೆ, ಊಟ ಬಿಟ್ಟ ಬೆಕ್ಕಿಗಂತೂ ಅಪಾಯ. ನಡುನಡುವೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಮಾತು. ಹುಬ್ಬಳ್ಳಿಯ ವೈದ್ಯೆ ಮೊದಲು ಕೇಳಿದ್ದು, ಹಿಂದೆ ಯಾವ ಇಂಜೆಕ್ಷನ್ ಹಾಕಿದ್ದರು ಎಂದು. ಚೀಟಿಯಲ್ಲಿ ಬರೀ "ಇಂಜೆಕ್ಷನ್" ಎಂದಿತ್ತು. ಅವರೇ ಫೋನ್ ಮಾಡಿ ಒತ್ತಾಯಿಸಿದ ಮೇಲೆ, ಅದು ದೇಹದಲ್ಲಿ ವಾರಗಟ್ಟಲೆ ಕೆಲಸ ಮಾಡುವ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಎಂದು ಗೊತ್ತಾಯಿತು. ಮಾತ್ರೆಯಾದರೆ ಕ್ರಮೇಣ ಇಳಿಸಿ ನಿಲ್ಲಿಸಬಹುದು, ಒಮ್ಮೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ನಿಮ್ಮ ಪ್ರಾಣಿಗೆ ಯಾರು ಏನು ಚುಚ್ಚಿದರೂ ಔಷಧದ ಹೆಸರು, ಪ್ರಮಾಣ, ತಾರೀಖು ಮೂರನ್ನೂ ಅಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಪ್ರಾಣಿಯನ್ನು ಎತ್ತಿಕೊಂಡು ಹೊರಗೆ ಬನ್ನಿ.