ಬಾಲೂ ತಮ್ಮ 2: ಅಕ್ಷರವೂ ಚೆನ್ನ, ಲೈಸೆನ್ಸೂ ಚೆನ್ನ

ಅಂಗಡಿ ಬೋರ್ಡು, ಚಟ್ನಿಪುಡಿ ಪ್ಯಾಕೆಟ್ಟು, ಶಾಲಾ ವಾರ್ಷಿಕೋತ್ಸವದ ಬ್ಯಾನರ್, ಇಂಥ ಕೆಲಸಕ್ಕೆ ಒಂದೇ ಒಂದು ಕನ್ನಡ ಫಾಂಟ್ ಹೇಳಿ ಅಂದರೆ ನಾನು ಬಾಲೂ ತಮ್ಮ 2 ಹೆಸರು ಹೇಳುತ್ತೇನೆ. ಅಕ್ಷರ ದುಂಡಗೆ ಚೆನ್ನಾಗಿದೆ ಅನ್ನೋದು ಅರ್ಧ ಕಾರಣ. ಇನ್ನರ್ಧ ಕಾರಣ ಅದರ ಲೈಸೆನ್ಸ್. ಫಾಂಟ್ ಬಗ್ಗೆ ಮಾತು ಬಂದಾಗ ಎಲ್ಲರೂ ಅಂದಚೆಂದ ನೋಡುತ್ತಾರೆ, ಲೈಸೆನ್ಸ್ ಸುದ್ದಿಗೆ ಯಾರೂ ಹೋಗಲ್ಲ. ಅದಕ್ಕೇ ಇಲ್ಲಿ ಅದನ್ನೇ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಫಾಂಟ್ ಬಗ್ಗೆ. ಮಾಡಿದವರು ಮುಂಬೈನ ಏಕ್ ಟೈಪ್. ಭಾರತದ ಬೇರೆ ಬೇರೆ ಲಿಪಿಗಳಿಗೆ ಒಂದೇ ಚಹರೆಯ ಅಕ್ಷರ ಮಾಡಿ, ಹೆಚ್ಚಿನವಕ್ಕೆ ಆ ಭಾಷೆಯ ಅಣ್ಣತಮ್ಮಂದಿರ ಹೆಸರಿಟ್ಟಿದ್ದಾರೆ. ಮಲಯಾಳದ್ದು ಚೇಟ್ಟನ್, ತಮಿಳಿನದು ತಂಬಿ, ಪಂಜಾಬಿಯದು ಪಾಜಿ, ನಮ್ಮದು ತಮ್ಮ. ಮೊದಲು ಬಂದಿದ್ದರಲ್ಲಿ ಒಂದೇ ದಪ್ಪ ಇತ್ತು. 2019ರ ಎರಡನೇ ಆವೃತ್ತಿಯಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ದಪ್ಪ ಸಿಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಒಂದು ಪೈಸೆ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು.

ಬೋರ್ಡಿಗೆ ಹಾಕಿದರೆ ರಸ್ತೆಯ ಆಚೆ ಬದಿಯಿಂದಲೂ ಓದಬಹುದು. ಈಗಂತೂ ಇದು ಮುಖ್ಯ. 2024ರ ಕಾಯ್ದೆ ತಿದ್ದುಪಡಿ ಬಂದಮೇಲೆ ಕರ್ನಾಟಕದಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕು. ಇಂಗ್ಲಿಷ್ ಅಕ್ಷರಕ್ಕೆ ಸಾವಿರ ಫಾಂಟ್ ತಿರುವಿ ಹಾಕುವ ಅಂಗಡಿಯವರು ಕನ್ನಡಕ್ಕೆ ಬಂದಾಗ ಯಾವುದೋ ಒಂದು ಸಾಕು ಅನ್ನುತ್ತಿದ್ದರು. ಬೋರ್ಡಿನ ಹೆಚ್ಚಿನ ಜಾಗ ಕನ್ನಡಕ್ಕೇ ಹೋದಮೇಲೆ ಹಾಗೆ ಅನ್ನೋಕಾಗಲ್ಲ ಅಲ್ವಾ. ಈ ಫಾಂಟಿನಲ್ಲಿ ಕನ್ನಡದ ಜೊತೆಗೇ ಇಂಗ್ಲಿಷ್ ಅಕ್ಷರವೂ ಇದೆ. ಅದೂ ಇದೇ ದುಂಡು ಮೈಕಟ್ಟಿನದು. ಹಾಗಾಗಿ ಎರಡೂ ಅಕ್ಕಪಕ್ಕ ಕೂತಾಗ ಜಗಳ ಆಡಲ್ಲ.

ಕೊರತೆಗಳೂ ಇವೆ. ಎಕ್ಸ್‌ಟ್ರಾ ಬೋಲ್ಡ್ ಅನ್ನು ಸಣ್ಣ ಸೈಜಿನಲ್ಲಿ ಬಳಸಬೇಡಿ. "ಧಾರವಾಡ ಪೇಡ" ಅಂತ ಸಣ್ಣ ಲೇಬಲ್ಲಿನ ಮೇಲೆ ಹಾಕಿ ನೋಡಿ. ಧ ಅಕ್ಷರದ ಹೊಟ್ಟೆಯ ಸೀಳು ಶಾಯಿ ತುಂಬಿ ಮುಚ್ಚಿಹೋಗುತ್ತದೆ, ಓದುವವರ ಕಣ್ಣಿಗೆ "ದಾರವಾಡ" ಆಗುತ್ತದೆ. ಅಲ್ಲಿಗೆ ಮೀಡಿಯಂ ಸಾಕು. ಇನ್ನೊಂದು, ಸಾಲಿನಿಂದ ಸಾಲಿಗೆ ಅಂತರ ತಾನಾಗೇ ಜಾಸ್ತಿ ಬರುತ್ತದೆ. ಒತ್ತಕ್ಷರಕ್ಕೆ ಜಾಗ ಬೇಕು, ನಿಜ. ಆದರೆ ಎರಡು ಸಾಲಿನ ಹೆಡ್ಡಿಂಗ್ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ದೂರ ನಿಲ್ಲುತ್ತದೆ. ಕೈಯಿಂದಲೇ ಕಡಿಮೆ ಮಾಡಿಕೊಳ್ಳಬೇಕು. ಮೇಲಿನ ಸಾಲಿನಲ್ಲಿ "ಲಕ್ಷ್ಮಿ"ಯೋ "ರಾಷ್ಟ್ರೀಯ"ವೋ ಇದ್ದರೆ ಅದರ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತಾ ಅಂತ ನೋಡಿಕೊಳ್ಳಬೇಕು. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ಬೈಯಬೇಡಿ, ಅದರಲ್ಲೇ ಇರುವ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡಿ. ನುಡಿ ತಂತ್ರಾಂಶದ ಹಳೇ ಆಸ್ಕಿ ಪದ್ಧತಿಯಲ್ಲಿ ಟೈಪ್ ಮಾಡಿದ ಕಡತವಾದರೆ ಮೊದಲು ಈಗಿನ ಯೂನಿಕೋಡ್ ಪದ್ಧತಿಗೆ ಬದಲಾಯಿಸಲೇಬೇಕು. ಬೇರೆ ದಾರಿ ಇಲ್ಲ.

ಈಗ ಲೈಸೆನ್ಸ್.

ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವ ಅಕ್ಕ ಒಬ್ಬರು ಪ್ಯಾಕೆಟ್ ಡಿಸೈನ್ ಮಾಡಿಸೋಕೆ ಬಂದಿದ್ದರು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬರೆದ ಚೀಟಿ ಕೈಯಲ್ಲಿತ್ತು, ಅದನ್ನು ಎಲ್ಲಿ ಹಾಕೋದು ಅಂತ ಮಾತಾಡುತ್ತಿದ್ದೆವು. ಆಗ ಅವರು ಕೇಳಿದರು, "ಅಣ್ಣ, ಪುಡಿಗೆ ಲೈಸೆನ್ಸ್ ಬೇಕು ಅಂತಾರೆ, ಈ ಅಕ್ಷರಕ್ಕೂ ಬೇಕಾ?" ತುಂಬಾ ಒಳ್ಳೇ ಪ್ರಶ್ನೆ. ಇದನ್ನು ಕೇಳದೆ ವರ್ಷಗಟ್ಟಲೆ ಡಿಟಿಪಿ ಮಾಡಿದವರು ಎಷ್ಟೋ ಜನ ಇದ್ದಾರೆ.

ಬೇಕು. ಪುಡಿಯ ಲೈಸೆನ್ಸ್ ಕೊಡೋದು ಸರ್ಕಾರ, ಅಕ್ಷರದ ಲೈಸೆನ್ಸ್ ಕೊಡೋದು ಅದನ್ನು ಮಾಡಿದವರು. ಫಾಂಟ್ ಅಂದರೆ ಒಂದು ಸಾಫ್ಟ್‌ವೇರ್ ಕಡತ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಗಳ ಸಾಲಿಗೇ ಬರುತ್ತದೆ. ದುಡ್ಡು ಕೊಟ್ಟು ಫಾಂಟ್ ತಂದರೂ ಫಾಂಟ್ ನಮ್ಮದಾಗಲ್ಲ. ಇಷ್ಟು ಕಂಪ್ಯೂಟರಿನಲ್ಲಿ, ಇಂಥಿಂಥ ಕೆಲಸಕ್ಕೆ ಬಳಸಿಕೊಳ್ಳಿ ಅನ್ನೋ ಅನುಮತಿಯಷ್ಟೇ ನಮ್ಮದು. ಎಷ್ಟೋ ಕಂಪನಿಗಳು ಪ್ರಿಂಟಿಗೆ ಒಂದು, ವೆಬ್‌ಸೈಟಿಗೆ ಒಂದು, ಮೊಬೈಲ್ ಆ್ಯಪಿಗೆ ಇನ್ನೊಂದು ಅಂತ ಬೇರೆ ಬೇರೆ ಲೈಸೆನ್ಸ್ ಮಾರುತ್ತವೆ. ಫ್ರೀ ಅಂತ ಕೊಡುವ ಸೈಟುಗಳಲ್ಲೂ ಪಕ್ಕದಲ್ಲೇ ಸಣ್ಣಕ್ಷರದಲ್ಲಿ "ಪರ್ಸನಲ್ ಯೂಸ್" ಅಂತ ಇರುತ್ತದೆ. ಅದರಲ್ಲಿ ಮಗುವಿನ ಹುಟ್ಟುಹಬ್ಬದ ಕಾರ್ಡ್ ಮಾಡಬಹುದು. ಮಾರಾಟದ ಪ್ಯಾಕೆಟ್ ಮಾಡುವ ಹಾಗಿಲ್ಲ.

ಶ್ರೀಲಿಪಿ ಅನ್ನೋ ಭಾರತೀಯ ಭಾಷೆಗಳ ಟೈಪಿಂಗ್ ಸಾಫ್ಟ್‌ವೇರ್ ಬಳಸಿದ ಕಾಲದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಗ ಡಾಂಗಲ್ ಇತ್ತು. ಕಂಪ್ಯೂಟರ್ ಹಿಂದೆ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ಓಡುತ್ತಿತ್ತು, ಡಾಂಗಲ್ ಕಳೆದುಹೋದರೆ ಕೆಲಸವೇ ನಿಂತೀತು ಅಂತ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಲೈಸೆನ್ಸ್ ಅನ್ನೋದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಗ ಅದು ಇಳಿಸಿಕೊಂಡ ಜಿಪ್ ಕಟ್ಟಿನ ಒಳಗಿನ ಒಂದು ಟೆಕ್ಸ್ಟ್ ಕಡತ, ಯಾರೂ ತೆರೆಯಲ್ಲ.

ಬಾಲೂ ತಮ್ಮ 2 ಜಿಪ್ ಬಿಚ್ಚಿದರೆ ಫಾಂಟ್ ಕಡತಗಳ ಪಕ್ಕದಲ್ಲೇ ಓಎಫ್‌ಎಲ್ ಅನ್ನೋ ಟೆಕ್ಸ್ಟ್ ಕಡತ ಕಾಣುತ್ತದೆ. ಓಪನ್ ಫಾಂಟ್ ಲೈಸೆನ್ಸ್, ಎಸ್‌ಐಎಲ್ ಸಂಸ್ಥೆ 2007ರಲ್ಲಿ ಹೊರತಂದ 1.1ನೇ ಆವೃತ್ತಿ. ಲೈಸೆನ್ಸ್ ಅಂದರೆ ಉದ್ದುದ್ದ ಕಾನೂನು ಇರುತ್ತೆ ಅಂತ ಹೆದರುವವರು ಇದನ್ನೊಮ್ಮೆ ಓದಿ. ಷರತ್ತು ಇರೋದೇ ಐದು. ಫಾಂಟನ್ನು ಬರೀ ಫಾಂಟಾಗಿ ಮಾರಬೇಡಿ. ಯಾವುದಾದರೂ ಸಾಫ್ಟ್‌ವೇರ್ ಜೊತೆ ಸೇರಿಸಿ ಕೊಡಿ, ಬೇಕಾದರೆ ಮಾರಿ, ಆದರೆ ಕೃತಿಸ್ವಾಮ್ಯದ ಸಾಲು ಮತ್ತು ಈ ಲೈಸೆನ್ಸ್ ಜೊತೆಗಿರಲಿ. ಅಕ್ಷರ ತಿದ್ದಿ ಹೊಸದು ಮಾಡಿದರೆ, ಮೂಲದವರು ಕಾದಿರಿಸಿದ ಹೆಸರನ್ನು ಕೇಳದೆ ಬಳಸಬೇಡಿ. ತಿದ್ದಿದ್ದಕ್ಕೆ ಪ್ರಚಾರ ಕೊಡೋಕೆ ಅವರ ಹೆಸರು ಎಳೆಯಬೇಡಿ. ತಿದ್ದಿದ್ದನ್ನು ಹಂಚುವುದಾದರೆ ಇದೇ ಲೈಸೆನ್ಸಿನಲ್ಲಿ ಹಂಚಿ. ಐದನೆಯದರ ಕೊನೆಯಲ್ಲೇ ನಮಗೆ ಬೇಕಾದ ಮಾತಿದೆ: ಈ ಫಾಂಟ್ ಬಳಸಿ ಮಾಡಿದ ದಾಖಲೆಗೆ ಈ ಷರತ್ತು ಅಂಟಲ್ಲ. ಅಂದರೆ ಆ ಅಕ್ಕನ ಚಟ್ನಿಪುಡಿ ಪ್ಯಾಕೆಟ್ ಪೂರ್ತಿ ಅವರದ್ದು. ಎಷ್ಟು ಸಾವಿರ ಪ್ಯಾಕೆಟ್ ಪ್ರಿಂಟ್ ಮಾಡಿಸಿದರೂ ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕೊಡಬೇಕಿಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಪೆನ್‌ಡ್ರೈವ್ ವಿಷಯ. ಡಿಸೈನ್ ಮುಗಿಸಿ ಪ್ರೆಸ್ಸಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬರೋ ಮೊದಲ ಮಾತೇ "ಫಾಂಟೂ ಹಾಕಿ ಕಳಿಸಿ ಸರ್, ಇಲ್ಲಾಂದ್ರೆ ಕರ್ವ್ಸ್ ಮಾಡಿ ಕಳಿಸಿ" ಅಂತ. ಕರ್ವ್ಸ್ ಮಾಡಿದರೆ, ಅಂದರೆ ಅಕ್ಷರವನ್ನು ಬರೀ ಚಿತ್ರದ ಗೆರೆಯಾಗಿಸಿದರೆ, ಕೊನೇ ಗಳಿಗೆಯಲ್ಲಿ ಕಂಡ ಕಾಗುಣಿತ ತಪ್ಪನ್ನು ಅಲ್ಲಿ ತಿದ್ದೋಕಾಗಲ್ಲ, ಅದಕ್ಕೆ ಎಲ್ಲರೂ ಫಾಂಟ್ ಕಡತವನ್ನೇ ಕಾಪಿ ಮಾಡಿ ಕೊಡುತ್ತಾರೆ. ದುಡ್ಡು ಕೊಟ್ಟು ಕೊಂಡ ಎಷ್ಟೋ ಫಾಂಟುಗಳಲ್ಲಿ ಇದು ಸೀದಾ ಲೈಸೆನ್ಸ್ ಉಲ್ಲಂಘನೆ. ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ, ತುಂಗಾ ಕೂಡ ಅಷ್ಟೇ. ಅವುಗಳಲ್ಲಿ ಬರೆದದ್ದನ್ನು ಪ್ರಿಂಟ್ ತೆಗೆಯಬಹುದು, ಫಾಂಟ್ ಕಡತವನ್ನು ಎತ್ತಿ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಬಾಲೂ ತಮ್ಮ 2 ಆದರೆ ಪ್ರೆಸ್ಸಿಗೆ ಕೊಡಿ, ಫ್ಲೆಕ್ಸ್ ಅಂಗಡಿಗೆ ಕೊಡಿ, ಗ್ರಾಹಕರಿಗೂ ಕೊಡಿ. ಓಎಫ್‌ಎಲ್ ಕಡತವನ್ನೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದರಾಯಿತು. ಒಂದು ಸಣ್ಣ ಕಡತ, ಅಳಿಸಬೇಡಿ.

ವೆಬ್‌ಸೈಟ್ ಮಾಡುವವರಿಗೂ ಇದು ಉಪಯೋಗ. 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟು ಒಂದು ತೀರ್ಪು ಕೊಟ್ಟಿತು. ಸೈಟಿನ ಫಾಂಟ್ ಗೂಗಲ್ ಸರ್ವರಿನಿಂದ ಬರುತ್ತಿದ್ದರಿಂದ ಸೈಟ್ ನೋಡಿದವರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವರ ಗುರುತಿನ ನಂಬರ್) ಗೂಗಲ್‌ಗೆ ಹೋಯಿತು ಅಂತ ಸೈಟಿನವರು 100 ಯೂರೋ ಪರಿಹಾರ ಕೊಡಬೇಕಾಯಿತು. ಅದು ಖಾಸಗಿತನದ ತಕರಾರು, ಫಾಂಟ್ ಲೈಸೆನ್ಸಿನದಲ್ಲ. ಆದರೆ ಈ ತೊಂದರೆ ತಪ್ಪಿಸೋ ದಾರಿ ಸಿಗೋದು ಲೈಸೆನ್ಸಿನಿಂದಲೇ. ಓಎಫ್‌ಎಲ್ ಇರೋದರಿಂದ ಫಾಂಟನ್ನು ನಮ್ಮದೇ ಸರ್ವರಿಗೆ ಹಾಕಿಕೊಂಡು ಅಲ್ಲಿಂದಲೇ ಕೊಡಬಹುದು. ಆ ಕಡೆ ಕನ್ನಡ ಕೂಟದ ಸೈಟ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹಾಗೇ ಮಾಡಿ.

ನನ್ನ ದೊಡ್ಡ ತಕರಾರು ಒಂದೇ. ಜಿಪ್‌ನೊಳಗಿನ ಆ ಕಡತ ಇಂಗ್ಲಿಷಿನಲ್ಲಿದೆ. ಕನ್ನಡ ಫಾಂಟ್ ಬಳಸೋದು ಕನ್ನಡದವರು, ಅದರಲ್ಲೂ ಪ್ರೆಸ್ಸಿನಲ್ಲಿ, ಫ್ಲೆಕ್ಸ್ ಅಂಗಡಿಯಲ್ಲಿ ಕೂತ ಹುಡುಗರು. ಅವರಿಗೆ ಕಾನೂನಿನ ಇಂಗ್ಲಿಷ್ ಓದಿ ಅಂದರೆ ಹೇಗೆ? ಕಾನೂನಿನ ಲೆಕ್ಕಕ್ಕೆ ಮೂಲ ಇಂಗ್ಲಿಷೇ ಇರಲಿ, ಜೊತೆಗೆ ಒಂದು ಪುಟ ಕನ್ನಡದಲ್ಲಿ "ಇದನ್ನು ಮಾಡಬಹುದು, ಇದನ್ನು ಮಾಡಬಾರದು" ಅಂತ ಹಾಕಿಕೊಟ್ಟರೆ ಎಷ್ಟು ಜನ ನೆಮ್ಮದಿಯಿಂದ ಕೆಲಸ ಮಾಡುತ್ತಾರೆ. ಏಕ್ ಟೈಪ್‌ನವರು, ಗೂಗಲ್‌ನವರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ.

ಉದ್ದದ ಬರಹಕ್ಕೆ, ಪುಸ್ತಕದ ಒಳಪುಟಕ್ಕೆ ಈ ಫಾಂಟ್ ಬೇಡ, ಕಣ್ಣು ದಣಿಯುತ್ತದೆ. ಅಲ್ಲಿಗೆ ನೋಟೋ ಸೆರಿಫ್ ಕನ್ನಡ ನೋಡಿ. ಅಗಲ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕಾದ ಹೆಡ್ಡಿಂಗಿಗೆ ಏಕ್ ಟೈಪ್‌ನವರದ್ದೇ ಅನೇಕ್ ಕನ್ನಡ ಇದೆ. ಎರಡಕ್ಕೂ ಇದೇ ಓಎಫ್‌ಎಲ್, ಹಾಗಾಗಿ ಮೂರನ್ನೂ ಒಂದೇ ಪುಸ್ತಕದಲ್ಲಿ ಬಳಸಿ ಮೂರನ್ನೂ ಪ್ರೆಸ್ಸಿಗೆ ಕಳಿಸಬಹುದು.