ವಾಂತಿ-ಭೇದಿ ಆದಾಗ ನೋವಿನ ಮಾತ್ರೆ ನುಂಗಬೇಡಿ: ಅಪ್ಪಯ್ಯನ ಕಿಡ್ನಿ ನಿಂತುಹೋದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಆ ಮಾತ್ರೆ ತಂದುಕೊಟ್ಟವನು ನಾನೇ.

ನಮ್ಮದು ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ. ಡಿಸೆಂಬರ್ ಅಂದರೆ ಕೊನೆಕೊಯ್ಲಿನ ಗಡಿಬಿಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗುವುದೇ ಕಷ್ಟ. ಬಂದ ದಿನ ಬಿಟ್ಟರೆ ಮತ್ತೆ ಹದಿನೈದು ದಿನ ಅವನ ಮುಖ ಕಾಣುವುದಿಲ್ಲ. ಅವನು ಬರುವ ಹಿಂದಿನ ರಾತ್ರಿಯೇ ಅಪ್ಪಯ್ಯನಿಗೆ ವಾಂತಿ-ಭೇದಿ ಶುರುವಾಯಿತು. ಎಂತ ತಿಂದದ್ದೋ ಏನೋ, ಬೆಳಗಾಗುವುದರೊಳಗೆ ಹತ್ತು ಸಲವಾದರೂ ಎದ್ದು ಹೋಗಿದ್ದರು. ಆದರೂ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ತೋಟಕ್ಕೆ ಇಳಿದರು. ರಾತ್ರಿ ಅಡಿಕೆ ಸುಲಿಯಲೂ ಕೂತರು. ಹೊಟ್ಟೆಗೆ ಹೋದದ್ದು ಎರಡು ಲೋಟ ಕಾಫಿ, ಸ್ವಲ್ಪ ಗಂಜಿ ತಿಳಿ.

"ಮೈಕೈ ಎಲ್ಲ ಜಜ್ಜಿದ ಹಾಗೆ ಆಗ್ತದೆ ಮಾರಾಯ, ಪೇಟೆಗೆ ಹೋದರೆ ಒಂದು ನೋವಿನ ಮಾತ್ರೆ ತಾ" ಎಂದರು. ತಂದುಕೊಟ್ಟೆ. ಡೈಕ್ಲೊಫೆನಾಕ್, ಹತ್ತರ ಸ್ಟ್ರಿಪ್. ಅಂಗಡಿಯವರು ಚೀಟಿ ಕೇಳಲಿಲ್ಲ, ನಾನೂ ಯಾರಿಗೆ ಏನು ಅಂತ ಹೇಳಲಿಲ್ಲ. ದಿನಕ್ಕೆ ಎರಡರಂತೆ ಮೂರು ದಿನ ನುಂಗಿದರು. ಜೊತೆಗೆ ಎಂದಿನ ಬಿಪಿ ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟಾನ್ ಇದೆ, ಮೂತ್ರ ಜಾಸ್ತಿ ಮಾಡುವ ಹೈಡ್ರೊಕ್ಲೋರೊಥಯಾಜೈಡ್ ಕೂಡ ಸೇರಿದೆ. ಒಂದು ದಿನವೂ ತಪ್ಪಿಸಲಿಲ್ಲ. ಮಾತ್ರೆ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ.

ಮೂರನೇ ದಿನ ಭೇದಿ ನಿಂತಿತು. ಸದ್ಯ ಆಯ್ತಲ್ಲ ಅಂದುಕೊಂಡೆವು. ಅಮ್ಮ ಮಾತ್ರ "ನಿನ್ನೆಯಿಂದ ಅವರು ಒಂದಕ್ಕೆ ಹೋದದ್ದೇ ನಾ ಕಾಣೆ" ಎಂದಳು. ನೀರು ಕುಡಿದಿಲ್ಲ, ಅದಕ್ಕೇ ಇರಬೇಕು ಅಂತ ನಾನೇ ಸಮಾಧಾನ ಹೇಳಿದೆ. ಸಂಜೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಒಂದು ಬಾಟಲಿ ಗ್ಲೂಕೋಸ್ ಹಾಕಿದರು, ನೋವಿಗೆ ಅಂತ ಮೇಲಿಂದ ಒಂದು ಇಂಜೆಕ್ಷನ್ನೂ ಕೊಟ್ಟರು. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಅವರು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮುಖ ಊದಿತ್ತು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ಏದುಸಿರು ಬೇರೆ. ನಮ್ಮ ಕಡೆ ಈ ಕಾಲದಲ್ಲಿ ಯಾರು ಮಲಗಿದರೂ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಕಂಡ ಕಾಯಿಲೆಯ ಹೆದರಿಕೆ ಇನ್ನೂ ಹೋಗಿಲ್ಲ ನೋಡಿ. ಅರವತ್ತು ಕಿಲೋಮೀಟರ್ ದಾರಿ, ಶಿವಮೊಗ್ಗಕ್ಕೆ ಓಡಿದೆವು. ಅದಕ್ಕೂ ಪರೀಕ್ಷೆ ಮಾಡಿದರು, ಇಲಿ ಜ್ವರಕ್ಕೂ ಮಾಡಿದರು. ಎರಡೂ ಇರಲಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ, ಅದು ಕೈಕೊಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎಂಬ ಕಸ 7.4 ಬಂತು. ದಸರಾ ಹೊತ್ತಿಗೆ ಮಾಡಿಸಿದಾಗ 1.0 ಇತ್ತು. ಪೊಟ್ಯಾಸಿಯಂ 6.6. ಅದು 5ರ ಆಸುಪಾಸು ದಾಟಬಾರದು, ಏರಿದರೆ ಹೃದಯವನ್ನೇ ನಿಲ್ಲಿಸಬಹುದಂತೆ.

ಕಿಡ್ನಿ ಡಾಕ್ಟರು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹಾಕಿಸಿ ನೋಡಿದರು. ಅವರು ಹೇಳಿದ್ದು ನನಗೆ ಅರ್ಥವಾದದ್ದು ನಮ್ಮ ತೋಟದ ಪೈಪಿನ ಲೆಕ್ಕದಲ್ಲಿ. ಗುಡ್ಡದ ನೀರನ್ನು ಪೈಪಿನಲ್ಲಿ ತಂದು ತುಂತುರು ಜೆಟ್ಟಿಗೆ ಬಿಡುತ್ತೇವಲ್ಲ, ಹಾಗೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ, ನಿಮಿಷಕ್ಕೆ ಹತ್ತಿರ ಹತ್ತಿರ 1 ಲೀಟರ್. ಆ ಒತ್ತಡ ಇದ್ದರೆ ಮಾತ್ರ ಸೋಸುವ ಕೆಲಸ ನಡೆಯುತ್ತದೆ. ಭೇದಿಯಲ್ಲಿ ನೀರು ಹೋಗಿ ರಕ್ತ ಕಡಿಮೆಯಾದಾಗ ಕಿಡ್ನಿ ತಾನೇ ಉಪಾಯ ಮಾಡುತ್ತದೆ. ಒಳಬರುವ ನಳಿಕೆಯನ್ನು ಅಗಲ ಮಾಡುತ್ತದೆ, ಹೊರಹೋಗುವುದನ್ನು ಬಿಗಿ ಹಿಡಿಯುತ್ತದೆ. ನೋವಿನ ಮಾತ್ರೆ ಆ ಒಳಬಾಗಿಲು ಅಗಲವಾಗದಂತೆ ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಬಾಗಿಲನ್ನು ಸಡಿಲ ಬಿಡುತ್ತದೆ. ಮೂತ್ರದ ಮಾತ್ರೆ ಇದ್ದ ನೀರನ್ನೂ ಖಾಲಿ ಮಾಡುತ್ತದೆ. ಬಿಪಿ ಮಾತ್ರೆ ಬೇರೆ ದಿನಗಳಲ್ಲಿ ಒಳ್ಳೆಯದೇ ಮಾಡುವಂಥದ್ದು. ಆ ಮೂರು ದಿನ ಮಾತ್ರ ಎಲ್ಲ ಒಟ್ಟಿಗೆ ತಿರುಗಿಬಿದ್ದವು.

"ಹಾಗಾದರೆ ಈಗ ಚೆನ್ನಾಗಿ ಸಲೈನ್ ಕೊಡಿ" ಎಂದೆ. ಆ ಹಂತ ದಾಟಿತ್ತು. ಮೊದಲ ದಿನವೇ ನೀರು ತುಂಬಿದ್ದರೆ ಕಿಡ್ನಿ ಚೇತರಿಸಿಕೊಳ್ಳುತ್ತಿತ್ತೇನೋ. ರಕ್ತ ಸಾಲದೆ ಒಳಗಿನ ಸಣ್ಣ ಕೊಳವೆಗಳ ಗೋಡೆಯ ಜೀವಕೋಶಗಳು ಸತ್ತು, ಉದುರಿ, ಕೊಳವೆಯನ್ನೇ ಕಟ್ಟಿಬಿಟ್ಟಿದ್ದವು. ಈಗ ಸುಮ್ನೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ತುಂಬುತ್ತದೆ. ಆ ಕೋಶಗಳು ಮತ್ತೆ ಚಿಗುರುತ್ತವೆ, ಆದರೆ ಬೇಗ ಚಿಗುರಿಸುವ ಔಷಧಿ ಯಾವುದೂ ಇಲ್ಲ. ಕಾಯಬೇಕು. ಅಲ್ಲಿಯವರೆಗೆ ಕಿಡ್ನಿಯ ಕೆಲಸವನ್ನು ಯಂತ್ರ ಮಾಡಬೇಕು.

ಡಯಾಲಿಸಿಸ್ ಅಂದ ಕೂಡಲೇ ಮನೆಯಲ್ಲಿ ಗಲಾಟೆ. ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವುದಿಲ್ಲ ಅಂತ ಚಿಕ್ಕಪ್ಪ ಹಠ ಹಿಡಿದರು. ಸಹಿ ಹಾಕಲು ಅರ್ಧ ದಿನ ಕಳೆದೆವು. ಪೊಟ್ಯಾಸಿಯಂ ಅಷ್ಟಿರುವಾಗ ಅರ್ಧ ದಿನ! ಈಗ ನೆನೆದರೂ ಕೈ ನಡುಗುತ್ತದೆ. ಇಂಥ ದಿಢೀರ್ ಏಟಿನಲ್ಲಿ ಬಹಳಷ್ಟು ಜನರಿಗೆ ಡಯಾಲಿಸಿಸ್ ಕೆಲವು ದಿನದ ಊರುಗೋಲು ಅಷ್ಟೆ. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಹೇಳಲಾರೆ, ಕಿಡ್ನಿ ಪೂರ್ತಿ ಮರಳದವರೂ ಇದ್ದಾರೆ.

ಇನ್ನೊಂದು ಪೆದ್ದುತನ. ನೋಡಲು ಬಂದವರೆಲ್ಲ ಎಳನೀರು, ಬಾಳೆಹಣ್ಣು ತಂದರು. ಎಳನೀರಿಗಿಂತ ತಂಪು ಬೇರೆ ಏನಿದೆ, ಅಲ್ವಾ? ಎರಡರಲ್ಲೂ ಪೊಟ್ಯಾಸಿಯಂ ತುಂಬಿಕೊಂಡಿದೆ. ನರ್ಸ್ ಲೋಟ ಕಿತ್ತುಕೊಂಡಾಗ ಅತ್ತೆಗೆ ಸಿಟ್ಟೇ ಬಂದಿತ್ತು.

ಐದು ಡಯಾಲಿಸಿಸ್ ಆಯಿತು, ಕುತ್ತಿಗೆಗೆ ಹಾಕಿದ ನಳಿಕೆಯಿಂದ. ಹನ್ನೊಂದನೇ ದಿನ ಮೂತ್ರದ ಚೀಲದಲ್ಲಿ 400 ಮಿಲಿ ಕಂಡಿತು. ಅಮ್ಮ ಅದನ್ನು ಹಾಲು ಅಳೆದ ಹಾಗೆ ಬಗ್ಗಿ ನೋಡಿದಳು. ಮತ್ತೆ ಮೂರು ದಿನ ಕಳೆಯುವಾಗ ದಿನಕ್ಕೆ 3 ಲೀಟರ್ ದಾಟಿತು. ಚೇತರಿಕೆಯಲ್ಲಿ ಹೀಗೆ ಸುರಿಯುವುದುಂಟು, ಆಗ ಮತ್ತೆ ನೀರು-ಉಪ್ಪು ತುಂಬಿಕೊಡಬೇಕು. ಈಗ ಕ್ರಿಯಾಟಿನಿನ್ 1.5ಕ್ಕೆ ನಿಂತಿದೆ. ಮೊದಲಿನಷ್ಟಕ್ಕೆ ಇಳಿದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ನೋವಿನ ಮಾತ್ರೆ ಇನ್ನು ಮುಟ್ಟುವ ಹಾಗಿಲ್ಲ.

ಬಿಪಿ, ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರೆ ವಾಂತಿ-ಭೇದಿ ಶುರುವಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಅಂತ ಕೇಳಿ. ನೀವೇ ನಿಲ್ಲಿಸಿ ಕೂರಬೇಡಿ, ಮತ್ತೆ ಯಾವಾಗ ಶುರು ಮಾಡಬೇಕು ಅಂತಲೂ ಕೇಳಿಕೊಳ್ಳಿ. ಒಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಎಷ್ಟು ಸಲ ಒಂದಕ್ಕೆ ಹೋದರು ಅಂತ ಲೆಕ್ಕ ಇಡಿ. ಅರ್ಧ ದಿನ ಹೋಗದಿದ್ದರೆ ಆಸ್ಪತ್ರೆಗೆ ಹೊರಡಿ.

ಆ ಸ್ಟ್ರಿಪ್ಪಿನಲ್ಲಿ ನಾಲ್ಕು ಮಾತ್ರೆ ಉಳಿದು ಗೂಡಿನಲ್ಲೇ ಬಿದ್ದಿತ್ತು. ಮೊನ್ನೆ ಪಕ್ಕದ ಮನೆಯವರು "ಸೊಂಟ ಹಿಡಿದಿದೆ, ಹೊಟ್ಟೆಯೂ ಸರಿ ಇಲ್ಲ, ನೋವಿನ ಮಾತ್ರೆ ಇದ್ರೆ ಒಂದು ಕೊಡಿ" ಅಂತ ಬಂದರು. ಅವರಿಗೂ ಬಿಪಿ ಇದೆ. ಅವರನ್ನು ಡಾಕ್ಟರ ಹತ್ತಿರ ಕಳಿಸಿ ಬಂದು ಇದನ್ನು ಬರೆಯಲು ಕೂತೆ.