ರೂಪಕಕ್ಕೆ ಹಳೆ ಮಾದರಿ ಕೋವಿ: ಇಂಗ್ಲಿಷರದ್ದೋ, ಫ್ರೆಂಚರದ್ದೋ, ಆಚಾರಿ ಮಾಡಿದ್ದೋ?

ರಾಜ್ಯೋತ್ಸವದ ರೂಪಕಕ್ಕೆ ನಮ್ಮ ತಂಡಕ್ಕೆ ಎರಡೂ ಕಡೆಯ ಸಿಪಾಯಿಗಳು ಬೇಕಿತ್ತು, ಟಿಪ್ಪುವಿನವರು ಮತ್ತು ಕಂಪನಿಯವರು. ಹೊಸ ನಕಲು ಕೋವಿ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಯಾರೋ ಬಳಸಿ ಬಿಟ್ಟಿದ್ದನ್ನೇ ಹುಡುಕಿದೆವು. ಹಾಸನದಲ್ಲಿ ಕವಾಯತು ಮಾಡಿದೆವು, ಕೋವಿ ಹೆಗಲಿಗೆ ಹಾಕಿಕೊಂಡು ಸಕಲೇಶಪುರದ ಮಂಜರಾಬಾದ್ ಕೋಟೆಯ ಮೆಟ್ಟಿಲನ್ನೂ ಹತ್ತಿದೆವು.

ತೋಟದ ಮನೆಯ ಅಟ್ಟದಲ್ಲಿರುವ ಕೇಪಿನ ಕೋವಿ ತಂದು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿ, ಬಂದಿದ್ದೇ 19ನೇ ಶತಮಾನದಲ್ಲಿ. ಟಿಪ್ಪು ಸತ್ತಿದ್ದು 1799ರಲ್ಲಿ. ಆ ಕಾಲದ್ದು ಚಕಮಕಿ ಕಲ್ಲಿನ ಕೋವಿ, ಕಲ್ಲು ಉಕ್ಕಿಗೆ ಬಡಿದು ಕಿಡಿ ಬರುವಂಥದ್ದು. ಅದೂ ಅಲ್ಲದೆ ಅಟ್ಟದ ಕೋವಿ ನಿಜವಾದ ಆಯುಧ, ಲೈಸೆನ್ಸ್ ಬೇಕು, ಅದು ಯಾರ ಹೆಸರಲ್ಲಿದೆಯೋ ಅವರ ಕೈಯಲ್ಲೇ ಇರಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕು, ಮಲೆನಾಡಿನವರಿಗೆ ಇದು ಗೊತ್ತೇ ಇದೆ ಅಲ್ವಾ?

ಉಳಿದಿದ್ದು ಮೂರು. ಒಂದು, ಇಂಗ್ಲಿಷರ ಬ್ರೌನ್ ಬೆಸ್ ನಕಲು, ಅದರಲ್ಲೂ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ 'ಇಂಡಿಯಾ ಪ್ಯಾಟರ್ನ್'. ಎರಡು, ಫ್ರೆಂಚರ ಶಾರ್ಲೆವಿಲ್ ನಕಲು, 1777ರ ಮಾದರಿ. ಮೂರು, ನಮ್ಮೂರಿನ ಆಚಾರಿ ಸಿಲ್ವರ್ ಓಕ್ ಹಲಗೆಗೆ ಜಿಐ ಪೈಪ್ ಕೂರಿಸಿ ಹಿಂದೊಂದು ನಾಟಕಕ್ಕೆ ಮಾಡಿಕೊಟ್ಟಿದ್ದು.

ಕೈಗೆ ತೆಗೆದುಕೊಂಡ ಕೂಡಲೇ ಬೆಸ್ ಇಷ್ಟವಾಗುತ್ತದೆ. ನಳಿಗೆ 39 ಇಂಚು, ಹಿತ್ತಾಳೆಯ ಕಟ್ಟುಗಳು ಬಿಸಿಲಿಗೆ ಚೆನ್ನಾಗಿ ಹೊಳೆಯುತ್ತವೆ, ದೂರದಲ್ಲಿ ಕೂತವರಿಗೂ ಕಾಣುತ್ತದೆ. ಶಾರ್ಲೆವಿಲ್ ಸುಮಾರು ಐದಡಿ ಉದ್ದ, ಕಟ್ಟುಗಳು ಕಬ್ಬಿಣದವು. ನಮ್ಮ ತಂಡದ ಗಿಡ್ಡ ಹುಡುಗ ಅದನ್ನು ಹೊತ್ತರೆ ಕೋವಿಯೇ ಅವನನ್ನು ಕರೆದುಕೊಂಡು ಹೋಗುವ ಹಾಗಿತ್ತು. ನಳಿಗೆಯ ಬಾಯಿ ಬೆಸ್‌ದು ದೊಡ್ಡದು, 0.75 ಇಂಚು. ಫ್ರೆಂಚರದ್ದು 0.69. ಇದನ್ನು ನೋಡುವವರು ಯಾರೂ ಗಮನಿಸುವುದಿಲ್ಲ ಬಿಡಿ.

ಆದರೂ ನಾನು ಫ್ರೆಂಚರದ್ದನ್ನೇ ಕೊಳ್ಳಿ ಅನ್ನುತ್ತೇನೆ. ಕಾರಣ ನಮ್ಮ ಮಳೆ. ಬೆಸ್‌ನಲ್ಲಿ ನಳಿಗೆಯನ್ನು ಮರಕ್ಕೆ ಹಿಡಿದಿರುವುದು ಅಡ್ಡಕ್ಕೆ ಹೊಡೆದ ಸಣ್ಣ ಪಿನ್ನುಗಳು. ಒಂದು ಸಲ ಸಕಲೇಶಪುರದ ಜಡಿಮಳೆಗೆ ನೆನೆದರೆ ನಳಿಗೆಯ ಅಡಿಯಲ್ಲಿ ನೀರು ನಿಲ್ಲುತ್ತದೆ, ಒರೆಸಬೇಕು ಅಂದರೆ ಪಿನ್ನು ಬಡಿದು ತೆಗೆಯಬೇಕು, ಹೀಗೆ ತೆಗೆದು ಹಾಕಿ ಮಾಡಿದಷ್ಟೂ ಮರದ ತೂತು ಸಡಿಲವಾಗುತ್ತದೆ. ನಾವು ನೋಡಿದ ಬೆಸ್‌ನಲ್ಲಿ ಆಗಲೇ ನಳಿಗೆ ಲಟಲಟ ಅನ್ನುತ್ತಿತ್ತು. ಶಾರ್ಲೆವಿಲ್‌ಗೆ ಮೂರು ಕಬ್ಬಿಣದ ಪಟ್ಟಿ. ಪಟ್ಟಿ ಜಾರಿಸಿ, ಹಿಂದಿನ ಸ್ಕ್ರೂ ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ. ಒರೆಸಿ, ಹೊಲಿಗೆ ಮಷೀನ್ ಎಣ್ಣೆ ಸವರಿ, ಮತ್ತೆ ಕೂರಿಸಿದರೆ ಆಯಿತು. ಇನ್ನೊಂದು ಅನುಕೂಲ: ಟಿಪ್ಪುವಿನ ಕಾಲಾಳುಗಳನ್ನು ಪಳಗಿಸಿದವರಲ್ಲಿ ಫ್ರೆಂಚರೂ ಇದ್ದರು, ಹಾಗಾಗಿ ಆ ವೇಷಕ್ಕೆ ಇದು ಹೊಂದುತ್ತದೆ. ಟಿಪ್ಪು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರದ ಆಕಾರವೂ ಯುರೋಪಿನ ಕೋಟೆಗಳ ಮಾದರಿಯದ್ದೇ. ಮಾರುವವರು ನಳಿಗೆಯ ಮೇಲೆ ಹಳದಿ ಪೇಂಟಿನಲ್ಲಿ ಹುಲಿ ಪಟ್ಟೆ ಬರೆದು 'ಟಿಪ್ಪು ಕೋವಿ' ಅಂತ ರೇಟು ಏರಿಸುತ್ತಾರೆ. ಹುಲಿ ಗುರುತಿನ ಮೈಸೂರು ಕೋವಿಗಳು ಇದ್ದಿದ್ದು ನಿಜ, ಆದರೆ ಪೇಂಟಿಗೆ ಯಾಕೆ ಜಾಸ್ತಿ ದುಡ್ಡು ಕೊಡಬೇಕು?

ಆಚಾರಿಯದ್ದು ಹಗುರ, ಅಗ್ಗ, ಬಿದ್ದರೂ ಚಿಂತೆಯಿಲ್ಲ. ಹಿಂದಿನ ಸಾಲಿನವರಿಗೆ ಅದೇ ಸಾಕು. ಮುಂದಿನ ಸಾಲಿಗೆ ಬೇಡ, ಯಾಕೆಂದರೆ ಭಾರವಿಲ್ಲದ ಕೋವಿ ಹೊತ್ತವನ ನಡಿಗೆಯೇ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ.

ಕೊಳ್ಳುವಾಗ ಹಿಡಿಯ ಹತ್ತಿರ ಮರ ಸಣ್ಣಗಾಗುವ ಜಾಗ ಮೊದಲು ನೋಡಿ, ಸೀಳು ಬಿಡುವುದು ಅಲ್ಲೇ. ದಪ್ಪ ಪಾಲಿಶ್ ಬಳಿದಿದ್ದರೆ ಉಗುರಿನಲ್ಲಿ ಕೆರೆದು ನೋಡಿ. ಆಮೇಲೆ ಕುದುರೆಯನ್ನು, ಅಂದರೆ ಕಲ್ಲು ಕಚ್ಚಿ ಹಿಡಿಯುವ ಮೇಲಿನ ಕೊಕ್ಕೆಯನ್ನು, ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರ್ ಒತ್ತಿ. ಅದು ಬೀಳಬಾರದು. ಬಿದ್ದರೆ ಸಾಮಾನ್ಯವಾಗಿ ಒಳಗಿನ ಹಲ್ಲು ಸವೆದಿರುತ್ತದೆ, ಅಂಥದ್ದನ್ನು ಹುಡುಗರ ಕೈಗೆ ಕೊಡಬೇಡಿ. ಕಿಡಿ ಸರಿಯಾಗಿ ಬರಲಿಲ್ಲ ಅಂದರೆ ಚೌಕಾಶಿಗೆ ಒಳ್ಳೆಯದು, ರೂಪಕಕ್ಕೆ ಕಿಡಿ ಬೇಕಾಗಿಲ್ಲ. ನಾವಂತೂ ಕಲ್ಲು ತೆಗೆದು ಅಲ್ಲಿ ಮರದ ತುಂಡು ಸಿಕ್ಕಿಸಿದ್ದೇವೆ.

ಇಂಥ ನಕಲುಗಳಲ್ಲಿ ಕೆಲವಕ್ಕೆ ಮದ್ದಿಗೆ ಬೆಂಕಿ ಹೋಗುವ ತೂತು ಕೊರೆದಿರುವುದಿಲ್ಲ. ಅಷ್ಟಕ್ಕೇ ಆಟದ ಸಾಮಾನು ಅಂದುಕೊಳ್ಳಬೇಡಿ, ಡ್ರಿಲ್ ಇದ್ದವರು ಯಾರಾದರೂ ಕೊರೆದಾರು. 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲು ಬಾರದ ಹಳೆ ಮಾದರಿಗಳಿಗೆ. ಅದಕ್ಕೇ ನಳಿಗೆಯ ಒಳಗೆ ವೆಲ್ಡಿಂಗ್ ಮಾಡಿ ಮುಚ್ಚಿದ್ದನ್ನೇ ಆರಿಸಿ. ದುಡ್ಡು ಕೊಡುವ ಮುಂಚೆ ಫೋಟೋ ಹಿಡಿದುಕೊಂಡು ನಿಮ್ಮ ಠಾಣೆಗೆ ಹೋಗಿ ಕೇಳಿ, ಅವರು ಸರಿ ಅಂದರೆ ಬರಹದಲ್ಲಿ ತೆಗೆದುಕೊಳ್ಳಿ. ಆ ಕಾಗದವನ್ನು ಕೋವಿಯ ಚೀಲದಲ್ಲೇ ಇಡಿ, ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಐದಡಿ ಉದ್ದದ ಚೀಲ ನೋಡಿದ ಕಂಡಕ್ಟರ್ ಸುಮ್ನೆ ಬಿಡುವುದಿಲ್ಲ.